ಎಲೆ ಕಡಿಮೆ ಕೊಡುತ್ತಾರೆ ಎಂದರೆ ಏನು ಅರ್ಥ?

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ಬಗ್ಗೆ ಮಾತಾಡಲು ಕರೆದರೆ ಈ ಟೀಚರು ಕೂಲಿ, ಪಿ.ಎಫ್., ಗ್ರಾಚ್ಯುಟಿ ಎಂದು ಶುರು ಮಾಡುತ್ತಾರಲ್ಲ ಎಂದು ನಿಮಗೆ ಅನಿಸಬಹುದು. ಆದರೆ ನಮ್ಮ ಮೂರು ತಾಲೂಕುಗಳಲ್ಲಿ ಈ ಎರಡು ಬೇರೆ ಬೇರೆ ವಿಷಯಗಳಲ್ಲ. ಹೆಂಗಸಿನ ಕೈಯಲ್ಲಿ ವಾರ ವಾರ ನಾಲ್ಕು ಕಾಸು ಬರುತ್ತಿರುವಾಗ ಮನೆಯಲ್ಲಿ ಅವಳ ಮಾತಿಗೆ ಒಂದು ತೂಕ ಇರುತ್ತದೆ. ಆ ಕಾಸು ನಿಂತ ವಾರದಿಂದ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು. ನಿರುದ್ಯೋಗಕ್ಕೆ ಪುಸ್ತಕದಲ್ಲಿ ಹಲವು ವಿಧಗಳಿವೆ, ಪರೀಕ್ಷೆಗೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಮನೆಯ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟುಕೊಂಡು ಕುಳಿತ ಹೆಂಗಸಿನ ನಿರುದ್ಯೋಗ ಆ ಪಟ್ಟಿಯಲ್ಲಿ ಇಲ್ಲ. ನನ್ನ ತರಗತಿಯಲ್ಲಿ ಕುಳಿತ ಎಷ್ಟೋ ಹುಡುಗಿಯರ ಫೀಸು ತಾಯಿ ಕಟ್ಟಿದ ಬೀಡಿಯಿಂದ ಬಂದದ್ದು. ಕೆಲವರು ಸ್ವತಃ ರಾತ್ರಿ ಬೀಡಿ ಕಟ್ಟಿ ಬೆಳಿಗ್ಗೆ ಕಾಲೇಜಿಗೆ ಬರುತ್ತಿದ್ದರು. ಬೆರಳ ತುದಿ ನೋಡಿದರೆ ಗೊತ್ತಾಗುತ್ತಿತ್ತು.

ಕಾರ್ಖಾನೆಯಲ್ಲಿ ಕೆಲಸ ಹೋಗುವುದಾದರೆ ಒಂದು ದಿನ ಇರುತ್ತದೆ. ಗೇಟಿಗೆ ಬೀಗ ಬೀಳುತ್ತದೆ, ನೋಟಿಸು ಅಂಟಿಸುತ್ತಾರೆ. ಬೀಡಿಯಲ್ಲಿ ಹಾಗಲ್ಲ. ಬ್ರಾಂಚಿಗೆ ಹೋದಾಗ ಗುತ್ತಿಗೆದಾರರು, "ಈ ವಾರ ಎಲೆ ಕಡಿಮೆ ಅಕ್ಕ, ಐನೂರು ಕಟ್ಟಿ ಸಾಕು" ಎನ್ನುತ್ತಾರೆ. ಆರು ದಿನದ ಕೆಲಸ ನಾಲ್ಕಕ್ಕೆ ಇಳಿಯುತ್ತದೆ, ಆಮೇಲೆ ಮೂರಕ್ಕೆ. ಎಲೆ ಹಾಳಿದ್ದರೂ ಬೀಡಿ ಸರಿ ಇಲ್ಲ ಎಂದು ತೆಗೆದುಹಾಕುವುದು ಜಾಸ್ತಿಯಾಗುತ್ತದೆ. ಹತ್ತಿರದ ಬ್ರಾಂಚು ಮುಚ್ಚಿ, ಬಸ್ಸಿನಲ್ಲಿ ಹೋಗಬೇಕಾದ ಇನ್ನೊಂದಕ್ಕೆ ಸೇರಿಸುತ್ತಾರೆ. ಬಸ್ಸಿನ ಹಣ ಲೆಕ್ಕ ಹಾಕಿದರೆ ಕೂಲಿಯಲ್ಲಿ ಉಳಿಯುವುದು ಏನು? ಹೆಂಗಸು ತಾನಾಗಿ ನಿಲ್ಲಿಸುತ್ತಾಳೆ. ಕಂಪೆನಿಯ ಪುಸ್ತಕದಲ್ಲಿ "ಕೆಲಸ ಬಿಟ್ಟಿದ್ದಾರೆ" ಎಂದು ಬರುತ್ತದೆ. ಯಾರೂ ತೆಗೆದಿಲ್ಲ, ಆದರೆ ಕೆಲಸ ಇಲ್ಲ.

ಬೀಡಿ ಸೇದುವವರು ಕಡಿಮೆಯಾಗುತ್ತಿದ್ದಾರೆ, ನಿಜ. 2003ರಲ್ಲಿ ತಂಬಾಕು ನಿಯಂತ್ರಣ ಕಾಯಿದೆ ಬಂತು, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ ಬಿಗಿ ನಿಷೇಧ ಬಂತು, 2016ರಲ್ಲಿ ಕಟ್ಟಿನ ಮೇಲೆ ದೊಡ್ಡ ಚಿತ್ರ ಬಂತು. ಇದನ್ನು ತಪ್ಪು ಎಂದು ನಾನು ಹೇಳುವವಳಲ್ಲ. ಹೊಗೆಪುಡಿಯ ನಡುವೆ ಕುಳಿತ ನಮ್ಮ ಹೆಂಗಸರ ಕೆಮ್ಮು, ಬೆನ್ನುನೋವು ನೋಡಿದ ಯಾರೂ ಈ ಕಸುಬು ಸಾವಿರ ವರ್ಷ ಬಾಳಲಿ ಎಂದು ಹಾರೈಸುವುದಿಲ್ಲ. ಆದರೆ 2004ರಲ್ಲಿ ಭಾರತ ಅನುಮೋದಿಸಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದ 17ನೆಯ ವಿಧಿ ಇನ್ನೊಂದು ಮಾತನ್ನೂ ಹೇಳುತ್ತದೆ: ತಂಬಾಕಿನ ಕೆಲಸದವರಿಗೆ ಹೊಟ್ಟೆ ತುಂಬುವ ಬೇರೆ ಕೆಲಸಕ್ಕೆ ಸರಕಾರಗಳು ಉತ್ತೇಜನ ಕೊಡಬೇಕು. ಕಟ್ಟಿನ ಮೇಲಿನ ಚಿತ್ರ ಬಂದಷ್ಟು ಬೇಗ ಈ ಮಾತು ನಮ್ಮ ಹಳ್ಳಿಗಳಿಗೆ ಬರಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮನೆಯಲ್ಲಿ ಕುಳಿತು ಕಟ್ಟುವ ಹೆಂಗಸು ಕಂಪೆನಿಯ ನೌಕರಳೇ? "ನಾವು ಅವರಿಗೆ ಎಲೆ ಕೊಡುತ್ತೇವೆ, ಅವರು ಬೀಡಿ ಕೊಡುತ್ತಾರೆ, ಅಷ್ಟೇ ಸಂಬಂಧ" ಎಂಬ ವಾದ ಹಳೆಯದು. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮಾಡಿದಾಗ, ಎಲೆ, ತಂಬಾಕು ಪಡೆದು ಮನೆಯಲ್ಲಿ ಕಟ್ಟುವವರೂ ನೌಕರರೇ ಎಂದು ಅದರಲ್ಲಿಯೇ ಬರೆಯಿತು. ನಡುವೆ ಗುತ್ತಿಗೆದಾರ ಇದ್ದರೂ ಹೊಣೆ ಯಾರಿಗಾಗಿ ಬೀಡಿ ತಯಾರಾಗುತ್ತದೋ ಆ ಮುಖ್ಯ ಮಾಲಿಕನದು. ಇದನ್ನು ಪ್ರಶ್ನಿಸಿ ಬೀಡಿ ಉದ್ಯಮದವರು ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಬಂದ ಆ ತೀರ್ಪಿಗೆ ನಮ್ಮ ಊರಿನದೇ ಹೆಸರು, ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರಕಾರದ ನಡುವಿನ ಮೊಕದ್ದಮೆ. ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಭವಿಷ್ಯನಿಧಿ ಬೀಡಿ ಉದ್ಯಮಕ್ಕೆ ಬಂತು. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುತ್ತದೆ ಎಂದು 1985ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ ಹೇಳಿತು. ನಿಮ್ಮ ಪಿ.ಎಫ್. ಯಾರದೋ ಧರ್ಮದಿಂದ ಬಂದದ್ದಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1966ರ ಬೀಡಿ ಕಾಯಿದೆ, 1947ರ ಕೈಗಾರಿಕಾ ವಿವಾದ ಕಾಯಿದೆ, 1972ರ ಗ್ರಾಚ್ಯುಟಿ ಕಾಯಿದೆ ಎಲ್ಲವೂ ಅವುಗಳೊಳಗೆ ಸೇರಿಹೋದವು. "ಹಳೇ ಕಾನೂನು ಹೋಯಿತು, ಈಗ ನಿಮಗೆ ಏನೂ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀವು ಅದಕ್ಕೆ ಮೊದಲು ದುಡಿದ ವರ್ಷಗಳು ಅಳಿಸಿಹೋಗುವುದಿಲ್ಲ. ಆದರೆ ಕೆಲವು ಕಡೆ ಬಾಗಿಲು ಕಿರಿದಾಗಿದೆ ಎಂಬುದನ್ನೂ ಹೇಳಬೇಕು. ಕಾರ್ಖಾನೆ ಮುಚ್ಚಲು, ಕೆಲಸದವರನ್ನು ತೆಗೆಯಲು ಸರಕಾರದ ಪೂರ್ವಾನುಮತಿ ಬೇಕಾಗಿದ್ದದ್ದು ಮೊದಲು ನೂರು ಮತ್ತು ಅದಕ್ಕಿಂತ ಹೆಚ್ಚು ಜನ ಇದ್ದಲ್ಲಿ. ಈಗ ಅದು ಮುನ್ನೂರಕ್ಕೆ ಏರಿದೆ. ನಮ್ಮ ಕಡೆ ಅನೇಕ ಗೇರುಬೀಜ ಕಾರ್ಖಾನೆಗಳಲ್ಲಿ ಅಷ್ಟು ಜನ ಇರುವುದಿಲ್ಲ.

ಗೇರುಬೀಜದ ಕಾರ್ಖಾನೆಗೆ ಹೋಗುವ ಅಕ್ಕಂದಿರು ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಬೀಜ ಒಡೆಯುವ, ಸಿಪ್ಪೆ ತೆಗೆಯುವ ಯಂತ್ರ ಬಂದ ಮೇಲೆ ಹತ್ತು ಜನರ ಕೆಲಸಕ್ಕೆ ಇಬ್ಬರು ಸಾಕು ಎಂದು ನೀವೇ ಬೆಳಿಗ್ಗೆ ಹೇಳಿದಿರಿ. ಅನುಮತಿ ಬೇಡ ಎಂದ ಮಾತ್ರಕ್ಕೆ ಬರಿಗೈಯಲ್ಲಿ ಕಳಿಸಬಹುದು ಎಂದು ಅರ್ಥ ಅಲ್ಲ. ಒಂದು ವರ್ಷ ನಿರಂತರ ಕೆಲಸ ಮಾಡಿದವಳನ್ನು ಕೆಲಸ ಇಲ್ಲವೆಂದು ತೆಗೆಯಬೇಕಾದರೆ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅದರ ಬದಲು ಒಂದು ತಿಂಗಳ ಸಂಬಳ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಪರಿಹಾರ ಕೊಡಬೇಕು. ಕೊನೆಗೆ ಬಂದವರು ಮೊದಲು ಹೋಗಬೇಕು ಎಂಬುದು ಸಾಮಾನ್ಯ ಕ್ರಮ, ಅದನ್ನು ಮೀರುವುದಾದರೆ ಮಾಲಿಕರು ಕಾರಣ ಬರೆದಿಡಬೇಕು. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದರೆ ತೆಗೆದವರಿಗೆ ಮೊದಲ ಅವಕಾಶ. ಇನ್ನೊಂದು ಹೊಸ ಸಂಗತಿ ಇದೆ: ಹೊಸ ಕೆಲಸ ಕಲಿಯಲಿಕ್ಕೆಂದು ಹದಿನೈದು ದಿನದ ಸಂಬಳದಷ್ಟು ಮೊತ್ತ ಮಾಲಿಕರ ಕಡೆಯಿಂದ ಒಂದು ನಿಧಿಗೆ ಹೋಗಿ, ತೆಗೆದ ನಲವತ್ತೈದು ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ಇದನ್ನು ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ. ತಕರಾರು ಇದ್ದರೆ ಎರಡು ವರ್ಷದೊಳಗೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಯ ಮುಂದೆ ಹೋಗಬೇಕು. ಮದುವೆ ಮುಗಿಯಲಿ, ಕೋಲ ಮುಗಿಯಲಿ ಎಂದು ಮುಂದೂಡಿ ಅವಧಿ ದಾಟಿಸಬೇಡಿ.

ಇನ್ನು ಗ್ರಾಚ್ಯುಟಿ. ಇದರ ಲೆಕ್ಕವನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಐದು ವರ್ಷ ಸೇವೆಯಾದವರಿಗೆ ಪ್ರತಿ ವರ್ಷಕ್ಕೆ ಹದಿನೈದು ದಿನದ ಕೂಲಿ. ತಿಂಗಳ ಸಂಬಳದವರಿಗೆ ಕೊನೆಯ ಸಂಬಳದ ಮೇಲೆ ಲೆಕ್ಕ. ಆದರೆ ಸಾವಿರಕ್ಕೆ ಇಷ್ಟು ಎಂದು ಪಡೆಯುವವರಿಗೆ ಕೆಲಸ ಮುಗಿಯುವ ಮೊದಲಿನ ಮೂರು ತಿಂಗಳಲ್ಲಿ ಸಿಕ್ಕಿದ ಕೂಲಿಯ ಸರಾಸರಿಯ ಮೇಲೆ ಲೆಕ್ಕ. ಈಗ ಅರ್ಥವಾಯಿತೆ, ಎಲೆ ಕಡಿಮೆ ಕೊಡುವುದು ಎಂದರೆ ಏನು ಎಂದು? ಉದಾಹರಣೆಗೆ ದಿನಕ್ಕೆ 240 ರೂಪಾಯಿ ದುಡಿಯುತ್ತಿದ್ದವಳು ಇಪ್ಪತ್ತು ವರ್ಷ ಕಟ್ಟಿದ್ದಾಳೆ ಎಂದಿಟ್ಟುಕೊಳ್ಳಿ. ಹದಿನೈದು ದಿನಕ್ಕೆ 3,600, ಇಪ್ಪತ್ತು ವರ್ಷಕ್ಕೆ 72,000 ರೂಪಾಯಿ. ಕೊನೆಯ ಮೂರು ತಿಂಗಳು ಅವಳಿಗೆ ಅರ್ಧ ಎಲೆ ಮಾತ್ರ ಸಿಕ್ಕಿ ದಿನಕ್ಕೆ 120 ಆಯಿತು ಎಂದರೆ ಅದೇ ಇಪ್ಪತ್ತು ವರ್ಷಕ್ಕೆ 36,000. ಮೂರು ತಿಂಗಳ ಕೊರತೆ ಇಪ್ಪತ್ತು ವರ್ಷದ ದುಡಿಮೆಯನ್ನು ಅರ್ಧ ಮಾಡುತ್ತದೆ. ಆದ್ದರಿಂದ ಕೆಲಸ ಬಿಡುವುದೇ ಆದರೆ ಯಾವಾಗ ಬಿಡಬೇಕು ಎಂಬುದನ್ನು ಲೆಕ್ಕ ಹಾಕಿ ಬಿಡಿ. ಕೆಲಸ ಕುಗ್ಗಿಸುತ್ತಿದ್ದಾರೆ ಎಂದು ಕಂಡ ಮೊದಲ ತಿಂಗಳಲ್ಲೇ ಹತ್ತು ಜನ ಸೇರಿ ಒಂದು ಕಾಗದ ಬರೆದು ಕಂಪೆನಿಗೂ ಕಾರ್ಮಿಕ ಇಲಾಖೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆ "ಅವಳೇ ಕಡಿಮೆ ಕಟ್ಟಿದಳು" ಎಂಬ ಮಾತಿಗೆ ಅದೇ ಉತ್ತರ. ನಿಮ್ಮ ತಪ್ಪಿಲ್ಲದೆ ಕೆಲಸ ನಿಂತ ದಿನಗಳು ಸೇವೆಯನ್ನು ಕಡಿಯುವುದಿಲ್ಲ ಎಂದೂ ಕಾನೂನಿನಲ್ಲಿ ಇದೆ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಬೀಡಿ ನಿಂತಿತ್ತಲ್ಲ, ಅದನ್ನು ತೋರಿಸಿ ನಿಮ್ಮ ಸೇವೆ ತುಂಡಾಯಿತು ಎಂದು ಹೇಳಲಿಕ್ಕಾಗದು.

ಬೀಡಿಯವರ ಪಿ.ಎಫ್.ಗೆ ಕೂಲಿಯಲ್ಲಿ ನೂರಕ್ಕೆ ಹತ್ತು ಹಿಡಿಯುತ್ತಾರೆ, ಕಂಪೆನಿಯವರೂ ಅಷ್ಟೇ ಸೇರಿಸಬೇಕು. ಅದರೊಳಗೆ ಒಂದು ಪಾಲು ಪಿಂಚಣಿಗೆ ಹೋಗುತ್ತದೆ. ಹತ್ತು ವರ್ಷ ಸೇವೆ ತುಂಬಿದವಳಿಗೆ 58ರ ನಂತರ ಸಾಯುವವರೆಗೆ ಪಿಂಚಣಿ. ಕನಿಷ್ಠ 1,000 ರೂಪಾಯಿ ಎಂದು 2014ರಲ್ಲಿ ನಿಗದಿಯಾಯಿತು. ಅದು ಏನೂ ದೊಡ್ಡ ಹಣವಲ್ಲ, ಅದಕ್ಕಾಗಿ ಸಂಘಗಳು ಇಂದಿಗೂ ಹೋರಾಡುತ್ತಿವೆ. ಆದರೆ ಎಂಟೋ ಒಂಬತ್ತೋ ವರ್ಷ ಆದವರು ಅವಸರದಲ್ಲಿ ಎಲ್ಲವನ್ನೂ ಎಳೆದು ಮುಗಿಸಿದರೆ ಆ ಸಾವಿರವೂ ಇಲ್ಲ. ಅಂಥವರು ಹಣ ಎಳೆಯುವ ಬದಲು ಯೋಜನಾ ಪ್ರಮಾಣಪತ್ರ ಕೇಳಿ ಪಡೆದುಕೊಂಡರೆ, ಮುಂದೆ ಗೇರುಬೀಜಕ್ಕೋ ಇನ್ನೊಂದು ಕಡೆಗೋ ಸೇರಿದಾಗ ಹಳೆಯ ವರ್ಷಗಳು ಜೊತೆಗೆ ಬರುತ್ತವೆ.

ಈಗ ಮನೆಯ ಒಳಗೆ ಬರೋಣ. ನಮ್ಮ ಕಡೆ ಹೆಣ್ಣು ನೋಡಲು ಬಂದಾಗ "ಬೀಡಿ ಕಟ್ಟಲಿಕ್ಕೆ ಬರುತ್ತದಾ?" ಎಂದು ಕೇಳುತ್ತಿದ್ದ ಕಾಲವನ್ನು ನೀವೂ ಕಂಡಿದ್ದೀರಿ. ವರದಕ್ಷಿಣೆಯ ಚಿನ್ನ ಒಂದು ಸಲ ತರುವುದು, ಬೀಡಿ ವಾರ ವಾರ ತರುವುದು. ಮದುವೆಯಾಗಿ ಬಂದ ಹುಡುಗಿ ಯಾರ ಪುಸ್ತಕದಲ್ಲಿ ಕಟ್ಟುತ್ತಾಳೆ? ಅತ್ತೆಯ ಪುಸ್ತಕದಲ್ಲಿ, ಅತ್ತೆಯ ಕಾರ್ಡಿನಲ್ಲಿ. ದುಡಿಮೆ ಸೊಸೆಯದು, ಪಿ.ಎಫ್. ನಂಬರು ಅತ್ತೆಯದು. ನಾನು ಅತ್ತೆಯರನ್ನು ದೂರುತ್ತಿಲ್ಲ. ಅವರೂ ಒಂದು ಕಾಲದಲ್ಲಿ ತಮ್ಮ ಅತ್ತೆಯ ಪುಸ್ತಕಕ್ಕೆ ಕಟ್ಟಿದವರೇ. ಆದರೆ ಹತ್ತು ವರ್ಷದ ನಂತರ ಆ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದರೆ ಅವಳ ಹತ್ತಿರ ಏನಿದೆ? ಬೆನ್ನುನೋವು ಇದೆ. ಲಕ್ಷಗಟ್ಟಲೆ ಬೀಡಿ ಕಟ್ಟಿದವಳು ಸರಕಾರದ ಯಾವ ಕಾಗದದಲ್ಲೂ ಕೆಲಸಗಾರಳಲ್ಲ. ಗ್ರಾಚ್ಯುಟಿ ಇಲ್ಲ, ಪಿಂಚಣಿ ಇಲ್ಲ, ಮಕ್ಕಳಿಗೆ ಬೀಡಿ ಕಾರ್ಮಿಕರ ವಿದ್ಯಾರ್ಥಿವೇತನ ಕೇಳಲೂ ಆಗುವುದಿಲ್ಲ.

ನಮ್ಮ ಸಂಘಗಳಲ್ಲಿ ವರದಕ್ಷಿಣೆ ತೆಗೆದುಕೊಳ್ಳುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸುತ್ತೇವೆ. ಒಳ್ಳೆಯದು. ಅದರ ಜೊತೆಗೆ, ಸೊಸೆ ಕಟ್ಟಿದ ಬೀಡಿ ಸೊಸೆಯ ಹೆಸರಿನಲ್ಲೇ ಎಂದೂ ಒಂದು ನಿರ್ಣಯ ಆಗಬೇಕು. ಕೆಲಸ ಕುಗ್ಗುತ್ತಿರುವ ಈ ಹೊತ್ತಿನಲ್ಲಿ ಹೊಸ ಪುಸ್ತಕ ಸಿಗುವುದು ಕಷ್ಟ, ಗೊತ್ತಿದೆ. ಹಾಗಾದರೆ ವಾರದ ಕೂಲಿಯಲ್ಲಿ ಅವಳ ಪಾಲು ಅವಳದೇ ಬ್ಯಾಂಕ್ ಖಾತೆಗೆ ಹೋಗಲಿ. ಅಷ್ಟನ್ನಾದರೂ ಮನೆಯೊಳಗೆ ಕುಳಿತು ತೀರ್ಮಾನಿಸಬಹುದು.

ಇನ್ನೊಂದು ಗಂಟು ಮಗಳ ಮದುವೆ. ಕೆಲಸ ನಿಂತು ಪಿ.ಎಫ್., ಗ್ರಾಚ್ಯುಟಿ ಸೇರಿ ಒಂದು ಮೊತ್ತ ಬರುತ್ತದೆ ಎಂದು ಗೊತ್ತಾದ ಕೂಡಲೇ ಮನೆಯಲ್ಲಿ ಅದಕ್ಕೆ ಲೆಕ್ಕ ಹಾಕುವವರು ಹತ್ತು ಜನ. ಗಂಡನಿಗೆ ಬೈಕು, ಮೈದುನನಿಗೆ ಗಲ್ಫಿನ ವೀಸಾ, ಮಗಳಿಗೆ ಚಿನ್ನ, ಹಾಲ್ ಬಾಡಿಗೆ. ಮೂವತ್ತು ವರ್ಷ ಕುತ್ತಿಗೆ ಬಗ್ಗಿಸಿ ಕುಳಿತ ಹೆಂಗಸಿನ ಮುಪ್ಪಿನ ಅನ್ನ ಒಂದೇ ಮಧ್ಯಾಹ್ನದ ಊಟದಲ್ಲಿ ಮುಗಿಯುತ್ತದೆ, ಅದೂ ವರದಕ್ಷಿಣೆ ಎಂಬ ಹೆಸರಿಲ್ಲದೆ, "ನಾವು ಸಂತೋಷದಿಂದ ಕೊಟ್ಟದ್ದು" ಎಂದು. 1961ರ ಕಾಯಿದೆ ಇದೆ, ನಾವು ಅದನ್ನು ಸಂತೋಷದ ಹೆಸರಿನಲ್ಲಿ ದಾಟುತ್ತೇವೆ. ಬೇಡ ಎಂದವಳಿಗೆ ಏಟು ಬೀಳುವುದೂ ಇದೆ.

ಹೀಗೆ ಹೆಂಗಸಿನ ದುಡ್ಡನ್ನು ಬಲಾತ್ಕಾರದಿಂದ ಕಿತ್ತುಕೊಳ್ಳುವುದು, ಅವಳಿಗೆ ಹಕ್ಕಾಗಿ ಸಲ್ಲಬೇಕಾದದ್ದನ್ನು ತಡೆಯುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಆರ್ಥಿಕ ದೌರ್ಜನ್ಯ. ಮೈಮೇಲೆ ಗಾಯ ಇರಲೇಬೇಕೆಂದಿಲ್ಲ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋದರೆ ಅಲ್ಲಿ ಸಂರಕ್ಷಣಾಧಿಕಾರಿ ದೂರು ಬರೆದುಕೊಳ್ಳಬೇಕು. ಗಂಡನ ಮನೆಯಲ್ಲಿ ವಾಸ ಮಾಡುವ ಹಕ್ಕೂ ಅದೇ ಕಾಯಿದೆಯಲ್ಲಿದೆ, ಮನೆ ಯಾರ ಹೆಸರಿನಲ್ಲಿದ್ದರೂ. ಹಿಂಸೆಗೆ ಕ್ರಿಮಿನಲ್ ಮೊಕದ್ದಮೆ ಹಾಕುವ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಆಗಿದೆ. ನಂಬರು ಬದಲಾದದ್ದು ಮಾತ್ರ, ಅಪರಾಧ ಅದೇ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಕಾರ್ಮಿಕ ತಕರಾರಿಗೂ ಅದು ಸಲ್ಲುತ್ತದೆ. ರಾತ್ರಿ ಹೊತ್ತು ತೊಂದರೆಯಾದರೆ 112 ಅಥವಾ 181.

ಕೆಲಸ ಹೋದ ಮೇಲೆ ಏನು ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ನನ್ನ ಹತ್ತಿರ ಮಂತ್ರದಂಡ ಇಲ್ಲ. ತರಬೇತಿ ಎಂದರೆ ನಮ್ಮ ಕಡೆ ಹೊಲಿಗೆ, ಹಪ್ಪಳ, ಉಪ್ಪಿನಕಾಯಿ, ಫಿನಾಯಿಲು. ಎಲ್ಲರೂ ಉಪ್ಪಿನಕಾಯಿ ಹಾಕಿದರೆ ಕೊಳ್ಳುವವರು ಯಾರು ಮಾರಾಯ್ರೆ? ಆದರೆ ನಮ್ಮ ಪಕ್ಕದಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. 1968ರಲ್ಲಿ ಕೇರಳ ಸರಕಾರ ಬೀಡಿ ಕಾಯಿದೆಯನ್ನು ಜಾರಿ ಮಾಡಿದಾಗ, ಮಂಗಳೂರು ಗಣೇಶ್ ಬೀಡಿಯವರು ಕಣ್ಣೂರು ಕಡೆಯ ತಮ್ಮ ಕೆಲಸ ನಿಲ್ಲಿಸಿದರು. ಸುಮಾರು 12,000 ಜನರಿಗೆ ಕೆಲಸ ಹೋಯಿತು. ತಿಂಗಳುಗಟ್ಟಲೆ ಚಳವಳಿ ನಡೆಯಿತು. 1969ರ ಫೆಬ್ರವರಿಯಲ್ಲಿ ಆ ಕೆಲಸಗಾರರು ಸರಕಾರದ ನೆರವಿನಿಂದ ಕೇರಳ ದಿನೇಶ್ ಬೀಡಿ ಎಂಬ ಸಹಕಾರಿ ಸಂಘ ಕಟ್ಟಿದರು. 1980ರ ದಶಕದ ಮೊದಲಿಗೆ ಅದರಲ್ಲಿ ಸುಮಾರು 42,000 ಜನ ದುಡಿಯುತ್ತಿದ್ದರು, ಕೂಲಿ, ರಜೆ, ಬೋನಸ್ ಎಲ್ಲದರ ಸಮೇತ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಲ್ಲೂ ಬೀಡಿಗೆ ಬೇಡಿಕೆ ಇಳಿಯಿತು. 1990ರ ದಶಕದ ಕೊನೆಯಲ್ಲಿ ಅವರು ಮಸಾಲೆ ಪುಡಿ, ತೆಂಗಿನ ಹಾಲು, ಕೊಡೆ, ಬಟ್ಟೆ ಎಂದು ಬೇರೆ ಕಡೆ ತಿರುಗಿದರು. ಬೀಡಿಯಲ್ಲಿದ್ದ ಅಷ್ಟೂ ಜನಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ, ಸಿಗುವುದು ಸಾಧ್ಯವೂ ಇರಲಿಲ್ಲ. ಆದರೂ ಕೆಲಸ ಪೂರ್ತಿ ನಿಲ್ಲುವ ಮೊದಲೇ ತಿರುಗಿದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನಾವು ಎಲೆ ಪೂರ್ತಿ ನಿಂತ ಮೇಲೆ ಸಭೆ ಕರೆಯುತ್ತೇವೆ. ಅವರ ಹಿಂದೆ ಕಾರ್ಮಿಕ ಸಂಘಟನೆ ಇತ್ತು, ಸರಕಾರದ ಸಾಲ ಇತ್ತು. ನಮ್ಮ ಸ್ವಸಹಾಯ ಸಂಘಗಳಿಗೆ ಉಳಿತಾಯ ಇದೆ, ಲೆಕ್ಕ ಬರೆಯಲು ಬರುತ್ತದೆ, ಆದರೆ ಕೂಲಿಯ ವಿಷಯ ಮಾತಾಡುವ ಅಭ್ಯಾಸ ಇಲ್ಲ. ವಾರದ ಸಭೆಯಲ್ಲಿ ಕಂತು ಕಟ್ಟಿದಿರಾ ಎಂದು ಕೇಳುತ್ತೇವೆ, ಈ ವಾರ ಎಷ್ಟು ಸಾವಿರಕ್ಕೆ ಎಲೆ ಸಿಕ್ಕಿತು ಎಂದು ಕೇಳುವುದಿಲ್ಲ. ಕೇಳಿ ಬರೆದಿಟ್ಟರೆ ಆರು ತಿಂಗಳಲ್ಲಿ ಯಾವ ಬ್ರಾಂಚು ಎಲ್ಲಿಗೆ ಹೋಗುತ್ತಿದೆ ಎಂದು ನಿಮಗೇ ಕಾಣುತ್ತದೆ. ಕೆಲಸ ಕಳೆದುಕೊಂಡ ಸದಸ್ಯೆಯ ಕಂತನ್ನು ಹಿಗ್ಗಿಸಿ ಕೊಡುವ ಮಾತನ್ನೂ ಸಂಘದಲ್ಲಿ ಎತ್ತಿ. ಒಂದು ಕಂತು ತಪ್ಪಿದ್ದಕ್ಕೆ ಒಂಬತ್ತು ಜನ ಅವಳ ಮನೆ ಬಾಗಿಲಲ್ಲಿ ನಿಂತರೆ, ಆ ರಾತ್ರಿ ಒಳಗೆ ಅವಳಿಗೆ ಏನಾಗುತ್ತದೆ ಎಂಬುದಕ್ಕೆ ನಾವೂ ಹೊಣೆ.

ಕೊನೆಗೆ ಒಂದು ಕಾಗದದ ವಿಷಯ. ಗುತ್ತಿಗೆದಾರರು "ಪಿ.ಎಫ್. ಬೇಗ ಸಿಗುತ್ತದೆ, ಇಲ್ಲಿ ಸಹಿ ಹಾಕಿ" ಎಂದು ಕೊಡುವ ಹಾಳೆಯಲ್ಲಿ "ಸ್ವಂತ ಇಚ್ಛೆಯಿಂದ ರಾಜೀನಾಮೆ" ಎಂದು ಇರಬಹುದು. ಓದದೆ ಸಹಿ ಬೇಡ, ಖಾಲಿ ಹಾಳೆಗಂತೂ ಹೆಬ್ಬೆಟ್ಟೂ ಬೇಡ. ಮನೆಗೆ ತಂದು ಓದಿಸಿ ಕೊಡುತ್ತೇನೆ ಎನ್ನಿ. ಬೀಡಿ ಪುಸ್ತಕ, ಹಳೆಯದಾಗಿ ಹರಿದಿದ್ದರೂ ಎಸೆಯಬೇಡಿ. ನಿಮ್ಮ ವರ್ಷಗಳಿಗೆ ಅದೇ ಸಾಕ್ಷಿ. ಆಧಾರಿನಲ್ಲಿ ಇರುವ ಹೆಸರು, ಹುಟ್ಟಿದ ತಾರೀಕು ಪಿ.ಎಫ್.ನಲ್ಲಿ ಇರುವುದಕ್ಕೆ ತಾಳೆಯಾಗದಿದ್ದರೆ ಕೆಲಸ ಇರುವಾಗಲೇ ಸರಿ ಮಾಡಿಸಿಕೊಳ್ಳಿ. ಮದುವೆಗೆ ಮೊದಲು ತಂದೆಯ ಹೆಸರು, ಆಮೇಲೆ ಗಂಡನ ಹೆಸರು ಎಂದು ಬದಲಾದವರಿಗೆ ಇದೇ ದೊಡ್ಡ ತೊಡಕು. ನಾಮಿನಿ ಯಾರೆಂದೂ ನೋಡಿ. ಬಿಟ್ಟುಹೋದ ಗಂಡನ ಹೆಸರು ಇನ್ನೂ ಅಲ್ಲೇ ಇರಬಹುದು.

ಊಟದ ನಂತರ ಪಕ್ಕದ ಕೋಣೆಯಲ್ಲಿ ನಾನೂ, ಕಾನೂನು ಓದಿದ ಇಬ್ಬರು ಹುಡುಗಿಯರೂ ಕುಳಿತಿರುತ್ತೇವೆ. ಪುಸ್ತಕ ತಂದವರು ಮೊದಲು ಬನ್ನಿ. ಬೆಳ್ತಂಗಡಿ ಕಡೆಗೆ ನಾಲ್ಕೂವರೆಯ ಬಸ್ಸಿಗೆ ಹೋಗುವವರಿದ್ದರೆ ಅವರನ್ನು ಮುಂದೆ ಬಿಡಿ.